ನಿಮಿಷಕ್ಕೆ ಇಪ್ಪತ್ತು

"ಇದು ಯಾಕೆ ಇಳೀತಾನೇ ಇಲ್ಲ?"

ಯಮುನಾ ಯಾರನ್ನೂ ಕೇಳಿದ್ದಲ್ಲ. ಬೆಳಿಗ್ಗೆ ಆರೂವರೆಗೆ ಕುಶಾಲನಗರದ ಆ ಜಿಮ್ಮಿನಲ್ಲಿ ಕೇಳಿಸಿಕೊಳ್ಳಲು ಯಾರಾದರೂ ಇದ್ದಾರೆಂದು ಅವಳಿಗೆ ಅನ್ನಿಸಿಯೂ ಇರಲಿಲ್ಲ. ಎದುರಿನ ಪುಟ್ಟ ಪರದೆಯ ಮೇಲೆ ಮೂವತ್ತನಾಲ್ಕು ಎಂಬ ಅಂಕಿ ಬಂದು ಕೂತಿತ್ತು. ನಿಮಿಷಕ್ಕೆ ಮೂವತ್ತನಾಲ್ಕು ಎಳೆತ. ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಇದ್ದದ್ದು ಇಪ್ಪತ್ತು.

"ಇಳಿಯುತ್ತೆ ಮೇಡಂ. ನೀವು ಅದರ ಬೆನ್ನು ಬಿಟ್ರೆ ಅದೂ ಇಳಿಯುತ್ತೆ."

ಕಬ್ಬಿಣದ ಗುಂಡುಗಳ ಸ್ಟ್ಯಾಂಡಿನ ಹಿಂದಿನಿಂದ ಒಬ್ಬ ಎದ್ದು ನಿಂತ. ಕೈಯಲ್ಲಿ ಕಸಬರಿಕೆ. ಜಿಮ್ ನೋಡಿಕೊಳ್ಳುವ ಆನಂದ್.

ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಯಮುನಾಳಿಗೆ ಹತ್ತು ತಿಂಗಳಿಂದ ಏನೂ ಆಗುತ್ತಿರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇರುತ್ತದಲ್ಲ, ಬೆರಳಿಟ್ಟರೆ ಅಲ್ಲಿದೆ, ಆದರೆ ಅದರ ಸುದ್ದಿ ನಮಗೆ ಬರುವುದಿಲ್ಲ. ಅವಳ ಮೈಯೆಲ್ಲ ಹಾಗಿತ್ತು. ಕೂಡ್ಲೂರಿನ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಚಲಿಸುವ ಬೆಲ್ಟಿನ ಮುಂದೆ ಕೂತು ಕಪ್ಪು ಬೀಜ, ಒಡಕು ಬೀಜ ಆರಿಸಿ ತೆಗೆಯುವುದು ಅವಳ ಕೆಲಸ. ಬೆರಳುಗಳು ಕೆಲಸ ಮಾಡುತ್ತಿದ್ದವು, ಅವಳು ಪಕ್ಕದಲ್ಲಿ ಕೂತಿರುತ್ತಿದ್ದಳು. ನಿದ್ದೆ ಬರುತ್ತಿರಲಿಲ್ಲ. ಮೈ ದಣಿಯಬೇಕಮ್ಮ ಎಂದು ಡಾಕ್ಟರು ಹೇಳಿದರು. ಜೊತೆಯಲ್ಲಿ ಕೆಲಸ ಮಾಡುವ ಹರ್ಷಿತಾ ತಾನೂ ಸಣ್ಣಗಾಗುತ್ತೇನೆಂದು ಹುರುಪಿನಿಂದ ಅವಳನ್ನು ಈ ಜಿಮ್ಮಿಗೆ ಎಳೆದುಕೊಂಡು ಬಂದಳು. ನಾಲ್ಕನೆಯ ದಿನಕ್ಕೆ ಹರ್ಷಿತಾ ಬಿಟ್ಟಳು, ಯಮುನಾ ಉಳಿದಳು.

ಉಳಿದದ್ದು ಆ ಮಷೀನಿಗಾಗಿ. ನೆಲಕ್ಕೆ ಉದ್ದವಾದ ಒಂದು ಹಳಿ, ಹಳಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವ ಸೀಟು, ಮುಂದೆ ಗಾಳಿಚಕ್ರ, ಅದರಿಂದ ಹೊರಡುವ ಸರಪಳಿಗೊಂದು ಹಿಡಿ. ಕಾಲಿನಿಂದ ಒದ್ದು ಹಿಡಿಯನ್ನು ಎದೆಯವರೆಗೆ ಎಳೆಯಬೇಕು. ಮತ್ತೆ ಜಾರಿಕೊಂಡು ಮುಂದಕ್ಕೆ ಹೋಗಬೇಕು. ನೀರಿಲ್ಲದ ದೋಣಿ. ಎಷ್ಟು ಎಳೆದರೂ ಎಲ್ಲಿಗೂ ಹೋಗಬೇಕಾಗಿಲ್ಲ ಎನ್ನುವುದೇ ಅವಳಿಗೆ ಹಿಡಿಸಿತ್ತು.

ಮಷೀನು ದುಬಾರೆಯ ರಾಫ್ಟಿಂಗಿನವರದ್ದು. ಆನಂದ್ ಅಲ್ಲಿ ರಾಫ್ಟ್ ನಡೆಸುವ ಗೈಡು. ಬೇಸಿಗೆಯಲ್ಲಿ ಕಾವೇರಿ ತನ್ನ ಬಂಡೆಗಳನ್ನೆಲ್ಲ ಹೊರಗೆ ಹಾಕಿಕೊಂಡು ಕೂತಾಗ ರಾಫ್ಟುಗಳನ್ನು ಕವುಚಿ ಟಾರ್ಪಾಲು ಹೊದಿಸಿ, ಗೈಡುಗಳು ಸಿಕ್ಕ ಕೆಲಸ ಹಿಡಿಯುತ್ತಾರೆ. ಇವನು ಮಳೆಗಾಲದವರೆಗೆ ಈ ಜಿಮ್ ನೋಡಿಕೊಳ್ಳಲು ಬಂದಿದ್ದ, ಮಷೀನೂ ಅವನ ಜೊತೆಗೆ ಬಂದಿತ್ತು. ಕನ್ನಡಿಯ ಮುಂದೆ ತೋಳು ಉಬ್ಬಿಸುವ ಹುಡುಗರು ಯಾರೂ ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ.

ಎಳೆಯುವುದು ಜೋರಾಗಿರಲಿ, ಬರುವುದು ನಿಧಾನವಾಗಲಿ ಎಂದು ಅವನು ಹೇಳಿಕೊಟ್ಟ. ಎಳೆಯಲು ಒಂದು ಪಾಲು ಹೊತ್ತು ಹಿಡಿದರೆ ಬರಲು ಎರಡು ಪಾಲು ಹಿಡಿಯಬೇಕು. ಎಳೆತದ ಎಣಿಕೆ ಹೆಚ್ಚಾದರೆ ಬಲ ಹೆಚ್ಚಾಯಿತು ಎಂದಲ್ಲ, ಗಾಬರಿ ಹೆಚ್ಚಾಯಿತು ಎಂದು ಅರ್ಥ. ಹೊಳೆಯಲ್ಲೂ ಹೊಸಬರು ಹೀಗೇ, ನೀರನ್ನು ಬಡಿಯುತ್ತಾರೆಯೇ ಹೊರತು ದೋಣಿ ಸಾಗುವುದಿಲ್ಲ.

ಯಮುನಾ ಎಲ್ಲಕ್ಕೂ ತಲೆಯಾಡಿಸಿದಳು. ಮೂವತ್ತನಾಲ್ಕು ಮೂವತ್ತಮೂರಾಯಿತು. ಒಂದು ವಾರ ಅಲ್ಲೇ ನಿಂತಿತು.

ಎಂಟನೆಯ ದಿನ ಆನಂದ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಅವಳನ್ನಲ್ಲ, ಸರಪಳಿಯನ್ನು. ಅವನ ನೋಟ ಹಾಗೆ. ಒಂದು ಸಲ ಮುಖದವರೆಗೆ ಬರುತ್ತದೆ, ಬಾಗಿಲಲ್ಲಿ ಚಪ್ಪಲಿ ಬಿಟ್ಟವನಂತೆ ಅಲ್ಲೇ ನಿಲ್ಲುತ್ತದೆ.

"ಹಿಡಿ ಎದೆ ಮುಟ್ಟೋ ಮೊದ್ಲೇ ನೀವು ವಾಪಸ್ ಹೊರಟುಬಿಡ್ತೀರಿ ಮೇಡಂ. ಹೊರಡೋವಾಗ ಒಂದು ಸೌಂಡ್ ಮಾಡ್ತೀರಿ."

"ಏನು ಸೌಂಡು?"

"ಹೂಂ ಅಂತ."

ಅವಳ ಕೈ ನಿಂತಿತು. ಗಾಳಿಚಕ್ರ ತನ್ನ ಪಾಡಿಗೆ ತಾನು ಸ್ವಲ್ಪ ಹೊತ್ತು ತಿರುಗಿ ಸುಮ್ಮನಾಯಿತು.

ಆ ಹೂಂ ಎಲ್ಲಿಯದೆಂದು ಹೇಳಲು ಅವಳಿಗೆ ಮತ್ತೆ ಎರಡು ದಿನ ಬೇಕಾಯಿತು. ಅಪ್ಪ ಸಣ್ಣಸ್ವಾಮಿ ಚಿಕ್ಕಂದಿನಲ್ಲಿ ಕೊಣನೂರು ಕಡೆಯಿಂದ ಬಂದು ಇಲ್ಲಿ ಜಮೀನು ಮಾಡಿದವರು. ಹಗಲೆಲ್ಲ ಶುಂಠಿ, ಜೋಳ. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಜಗುಲಿಯಲ್ಲಿ ಕೂತು ಕಾವ್ಯ ಓದುತ್ತಿದ್ದರು. ಓದುವುದೆಂದರೆ ರಾಗವಾಗಿ, ಷಟ್ಪದಿಯ ಒಂದೊಂದೇ ಸಾಲು. ಸಾಲು ಮುಗಿದಾಗ ಕೇಳುವವರು ಹೂಂ ಎನ್ನಬೇಕು, ಆಮೇಲೇ ಮುಂದಿನ ಸಾಲು. ಆರು ವರ್ಷದವಳಿದ್ದಾಗಿನಿಂದ ಆ ಹೂಂ ಯಮುನಾಳದ್ದು. ಅವಳು ತಡಮಾಡಿದರೆ ಅಪ್ಪ ಕನ್ನಡಕದ ಮೇಲಿಂದ ನೋಡಿ ಕಾಯುತ್ತಿದ್ದರು. ಕೊನೆಯ ವರ್ಷ ಅವರಿಗೆ ಉಸಿರು ಸಾಲದಾಯಿತು. ಸಾಲಿನ ತುದಿ ಮುಟ್ಟಲು ಅವರು ಪಡುವ ಪಾಡು ನೋಡಲಾಗದೆ ಇವಳು ಮೊದಲೇ ಹೂಂ ಎನ್ನತೊಡಗಿದಳು. ಅವರು ಅಲ್ಲಿಗೇ ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು. ಜ್ಯೇಷ್ಠದ ಒಂದು ಸಂಜೆ ಪದ್ಯದ ಮೂರನೆಯ ಸಾಲಿನ ನಡುವೆ ಹಾಗೇ ಹೂಂ ಎಂದಳು. ಅಪ್ಪ ನಕ್ಕು ಪುಸ್ತಕ ಮುಚ್ಚಿದರು. ಬೆಳಿಗ್ಗೆ ಏಳಲೇ ಇಲ್ಲ.

"ನಾನೇ ಮುಗಿಸಿಬಿಟ್ಟೆ ಅನ್ಸುತ್ತೆ," ಎಂದಳು ಯಮುನಾ. ಬಸ್ಸಿನ ಟೈಮು ಹೇಳುವವರ ದನಿಯಲ್ಲಿ ಹೇಳಿದಳು.

ಆನಂದ್ ಎದ್ದು ಮಷೀನಿಗೆ ಅವಳ ಪಾದ ಕಟ್ಟುವ ಪಟ್ಟಿ ಬಿಗಿ ಮಾಡಿದ.

"ಇಲ್ಲಿ ಯಾರಿಗೂ ಉಸಿರು ಕಟ್ಟಿಲ್ಲ ಮೇಡಂ. ತುದಿವರೆಗೂ ಎಳೀರಿ."

ಅವಳು ತುದಿಯವರೆಗೂ ಎಳೆದಳು. ಇಪ್ಪತ್ತಾರು.

ಆ ದಿನದಿಂದ ಅವಳು ಮನಸ್ಸಿನಲ್ಲೇ ಪದ್ಯ ಹೇಳಿಕೊಳ್ಳತೊಡಗಿದಳು. ಸಾಲಿನ ಮೊದಲ ಹೆಜ್ಜೆಗೆ ಎಳೆತ, ಉಳಿದ ಸಾಲು ಮುಗಿಯುವವರೆಗೆ ಜಾರಿ ಬರುವುದು. ಅಂಕಿ ಇಳಿಯಿತು. ಆದರೆ ವಿಚಿತ್ರವಾಗಿ ಇಳಿಯಿತು. ಇಪ್ಪತ್ತು, ಇಪ್ಪತ್ತು, ಹದಿಮೂರು. ಮತ್ತೆ ಇಪ್ಪತ್ತು, ಇಪ್ಪತ್ತು, ಹದಿಮೂರು.

ಆನಂದ್ ತಲೆ ಕೆರೆದುಕೊಂಡ. ಸರಪಳಿ ಎಲ್ಲೋ ಸಿಕ್ಕಿಕೊಳ್ಳುತ್ತಿದೆ ಎಂದು ಮಷೀನು ಬಿಚ್ಚಿದ, ಒರೆಸಿದ, ಜೋಡಿಸಿದ. ತಾನೇ ಕೂತು ಎಳೆದರೆ ಅಂಕಿ ಅಲುಗಾಡದೆ ನಿಲ್ಲುತ್ತದೆ. ಯಮುನಾ ಕೂತರೆ ಪ್ರತಿ ಮೂರನೆಯದು ಎಲ್ಲಿಗೋ ಹೋಗಿ ತಡವಾಗಿ ಬರುತ್ತದೆ. ಮೂರು ದಿನ ಹೀಗಾಯಿತು. ಕೊನೆಗೆ ಸ್ಪ್ಯಾನರ್ ಕೆಳಗಿಟ್ಟು ಕೇಳಿದ.

"ಒಳಗೆ ಏನು ನಡೀತಾ ಇದೆ ಮೇಡಂ?"

"ಮಷೀನಿನ ಒಳಗಾ?"

"ಮಷೀನ್ ಬಿಚ್ಚಿ ನೋಡಾಯ್ತಲ್ಲ. ಅದ್ರಲ್ಲಿಲ್ಲ."

ಅವಳ ತುಟಿಯ ಒಂದು ಕೊನೆ ಮೇಲಕ್ಕೆ ಹೋಯಿತು. ಹೋದದ್ದು ಅವಳಿಗೆ ತಿಳಿಯಲಿಲ್ಲ. ಪರದೆಯ ಗಾಜಿನಲ್ಲಿ ಅವನು ನೋಡಿದ. ಭಾಮಿನಿ ಷಟ್ಪದಿಯಲ್ಲಿ ಎರಡು ಸಾಲು ಗಿಡ್ಡ, ಮೂರನೆಯದು ಉದ್ದ. ಮತ್ತೆ ಎರಡು ಗಿಡ್ಡ, ಆರನೆಯದು ಉದ್ದ ಎಂದು ಅವಳು ವಿವರಿಸಿದಳು. ಅವನಿಗೆ ಅರ್ಥವಾಗಲಿಲ್ಲ, ಹೇಳಿ ತೋರಿಸಿ ಎಂದ. ಖಾಲಿ ಜಿಮ್ಮಿನಲ್ಲಿ, ಸೀಟಿನ ಮೇಲೆ ಕೂತು, ಹಿಡಿಯನ್ನು ಮಡಿಲಲ್ಲಿಟ್ಟುಕೊಂಡು ಅವಳು ಹೇಳಿದಳು. ತಾನಾಗಿ ಬಾಯಿಗೆ ಬಂದದ್ದು ಅಪ್ಪ ಅರ್ಧಕ್ಕೆ ಬಿಟ್ಟ ಪದ್ಯವೇ. ಮೂರನೆಯ ಸಾಲು ದಾಟಿತು, ನಾಲ್ಕು, ಐದು, ಆರನೆಯದರ ತುದಿಯ ಗುರು ಉದ್ದವಾಗಿ ಎಳೆದು ನಿಂತಿತು.

ಆನಂದ್ ಆಮೇಲೆ ಮೆಲ್ಲಗೆ, "ಉದ್ದದ್ದನ್ನ ಎರಡು ಸ್ಟ್ರೋಕಿಗೆ ಹಂಚಿ ನೋಡಿ" ಎಂದ.

ಇಪ್ಪತ್ತು, ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತು. ಹತ್ತು ನಿಮಿಷ ಅದು ಕದಲಲಿಲ್ಲ. ಆ ದಿನ ಅವಳು ಊಟ ಮಾಡಿದ ಮೇಲೆ ತಟ್ಟೆಯ ಪಕ್ಕದಲ್ಲೇ ಒರಗಿ ನಿದ್ದೆಹೋದಳು.

ಅಲ್ಲಿಂದ ಮುಂದಕ್ಕೆ ದಿನವೂ ಒಂದು ಮಾತು ಹೆಚ್ಚು. ಇವತ್ತು ಯಾವ ರಾಗ ಮೇಡಂ ಎಂದು ಅವನು ಕಸ ಗುಡಿಸುತ್ತಲೇ ಕೇಳುವನು. ನಿಮ್ಮ ಕಸಬರಿಕೆಯದ್ದು ಯಾವ ತಾಳವೋ ಅದಕ್ಕೆ ಹೊಂದುವುದು ಎಂದು ಇವಳು. ಅವನ ಅವ್ವ ಮುದ್ದಿ ನೆಲ್ಯಹುದಿಕೇರಿಯ ಹತ್ತಿರದ ಎಸ್ಟೇಟಿನ ಕೂಲಿಯವರ ಲೈನ್‌ಮನೆಯಲ್ಲಿ ಇದ್ದವಳು, ಈಗಲೂ ಕಾಫಿ ಪಿಕ್ಕಿಂಗ್‌ಗೆ ಹೋಗುತ್ತಾಳೆ. ಅವಳು ಹಾಕಿದ ಸೂಜಿಮೆಣಸಿನ ಉಪ್ಪಿನಕಾಯಿಯನ್ನು ಒಂದು ದಿನ ಪುಟ್ಟ ಬಾಟಲಿಯಲ್ಲಿ ತಂದುಕೊಟ್ಟ. ಮಧ್ಯಾಹ್ನ ಅನ್ನದ ಜೊತೆ ಒಂದೇ ಒಂದು ಕಾಯಿ ಕಚ್ಚಿದಳು. ಕಿವಿಯವರೆಗೂ ಉರಿ ಏರಿತು, ಕಣ್ಣಲ್ಲಿ ನೀರು ಬಂತು. ಇದು ತನ್ನ ನಾಲಿಗೆ ಎಂದು ಬಹಳ ದಿನದ ಮೇಲೆ ಗುರುತು ಸಿಕ್ಕಿತು.

ಅತ್ತಿಗೆ ಮಾನಸ ಬಾಟಲಿ ಯಾರದ್ದೆಂದು ಕೇಳಿದಳು. ಯಮುನಾ ಹೇಳಿದಳು. ಅತ್ತಿಗೆ ಬಾಟಲಿಯನ್ನು ಎರಡು ಬೆರಳಲ್ಲಿ ಎತ್ತಿ, ಅಡುಗೆಮನೆಯಿಂದ ಹೊರಗೆ ತಂದು, ಹಿತ್ತಿಲ ಕಡೆಯ ಕಿಟಕಿಕಟ್ಟೆಯ ಮೇಲಿಟ್ಟು ಕೈ ತೊಳೆದುಕೊಂಡಳು.

ಅದಾಗಿ ಒಂದು ವಾರಕ್ಕೆ ಅಣ್ಣ ಚಿದಾನಂದ ಸಂಬಂಧದ ಮಾತೆತ್ತಿದ. ಹುಡುಗ ಶಿವಪ್ರಕಾಶ್, ಅರಕಲಗೂಡಿನಲ್ಲಿ ಪಶು ಆಸ್ಪತ್ರೆಯ ಕೆಲಸ, ಒಳ್ಳೆಯವನು. ಅಪ್ಪ ತೀರಿಕೊಂಡು ವರ್ಷ ತುಂಬುವುದರೊಳಗೆ ಮದುವೆಯಾದರೆ ಅವರಿಗೆ ಕನ್ಯಾದಾನದ ಫಲ ಸೇರುತ್ತದೆ, ಇಲ್ಲವಾದರೆ ಮತ್ತೆ ಕಾಯಬೇಕು. ನಿನಗೂ ಮೂವತ್ತೆರಡಾಯಿತು ಎಂದ. ಭಾನುವಾರ ನೋಡಲು ಬರುತ್ತಾರೆ, ಅವತ್ತೇ ಎಲೆ ಅಡಿಕೆ ಬದಲಾಯಿಸಿ ಮಾತು ಮುಗಿಸುವುದು. ಯಮುನಾ ಆಗಲಿ ಎಂದಳು. ಯಾರಾದರೇನು, ಯಾವ ಊರಾದರೇನು. ಮರದ ಕೊಂಬೆಯನ್ನು ಯಾವ ಕಡೆ ಬಾಗಿಸಿದರೂ ಕೊಂಬೆಗೇನು.

ಶನಿವಾರ ಜಿಮ್ಮಿನಲ್ಲಿ ಆ ಸುದ್ದಿ ಹೇಳಿದಳು. ಆನಂದ್ ಒಳ್ಳೇದಾಯ್ತಲ್ಲ ಎಂದ. ಆಗಲೇ ಬಿಗಿಯಾಗಿದ್ದ ಪಟ್ಟಿಯನ್ನು ಇನ್ನೊಂದು ಸಲ ಬಿಗಿ ಮಾಡಿದ. ಅಂಕಿ ಇಪ್ಪತ್ತೆಂಟಕ್ಕೆ ಏರಿತು. ಅವಳ ಪಕ್ಕೆಲುಬಿನ ಕೆಳಗೆ ಏನೋ ಒತ್ತುತ್ತಿತ್ತು. ತಪ್ಪಾಗಿ ಎಳೆದು ಸೆಳೆತ ಹಿಡಿದಿದೆ ಎಂದುಕೊಂಡಳು. ಮನೆಗೆ ಹೋದ ಮೇಲೂ ಅದು ಹೋಗಲಿಲ್ಲ. ದೇವರ ಮುಂದೆ ಕೂತಾಗಲೂ ಹೋಗಲಿಲ್ಲ. ಇದಕ್ಕೆ ನೋವು ಅಂತ ಹೆಸರು ಎಂದು ತಿಳಿಯಲು ಅವಳಿಗೆ ಸಂಜೆಯಾಯಿತು.

ಭಾನುವಾರ ಹತ್ತು ಗಂಟೆಗೆ ಅವಳು ರೇಷ್ಮೆ ಸೀರೆಯಲ್ಲಿ, ಮುಡಿ ತುಂಬ ಹೂವಿನಲ್ಲಿ ಆಟೋದಿಂದ ಜಿಮ್ಮಿನ ಮುಂದೆ ಇಳಿದಳು. ರಜೆಯ ದಿನ. ಶಟರ್ ಅರ್ಧ ಮೇಲಿತ್ತು. ಬಗ್ಗಿ ಒಳಗೆ ಬಂದರೆ ಆನಂದ್ ನೆಲದಲ್ಲಿ ಕೂತು ಸರಪಳಿಗೆ ಎಣ್ಣೆ ಹಾಕುತ್ತಿದ್ದ. ಅವಳನ್ನು ನೋಡಿದ. ಈ ಸಲ ನೋಟ ಬಾಗಿಲಲ್ಲಿ ನಿಲ್ಲಲಿಲ್ಲ. ಮುಡಿ, ಹಣೆ, ಕಣ್ಣು, ಎಲ್ಲ ಕಡೆ ಬಂದು, ತನ್ನದಲ್ಲದ ಮನೆ ಎಂದು ನೆನಪಾದಂತೆ ಹಿಂದೆ ಹೋಯಿತು.

ಅವಳು ಬೆಂಚಿನ ಮೇಲೆ ಕೂತಳು.

ಮೇಜಿನ ಮೇಲಿದ್ದ ಜಿಮ್ಮಿನ ಫೋನು ಬಡಿದುಕೊಂಡಿತು. ಚಿದಾನಂದ. ಅವರೆಲ್ಲ ಬಂದು ಕೂತಿದ್ದಾರೆ, ತಂಗಿ ಅಲ್ಲಿದ್ದರೆ ಹೇಳಿ ಕಳಿಸಿ, ಮನೆತನದ ಮಾನದ ಪ್ರಶ್ನೆ ಎಂದು ಅವನು ಹೇಳಿದ್ದು ಯಮುನಾಳಿಗೂ ಕೇಳಿಸಿತು. ಅಣ್ಣನ ದನಿಯಲ್ಲಿ ಸಿಟ್ಟಿಗಿಂತ ಭಯ ಹೆಚ್ಚಿತ್ತು.

"ಹೇಳ್ತೀನಿ ಅಣ್ಣ," ಎಂದು ಆನಂದ್ ಫೋನು ಇಟ್ಟ.

ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಂಡ. ಸ್ವಚ್ಛವಾದ ಮೇಲೂ ಒರೆಸಿಕೊಳ್ಳುತ್ತಲೇ ಇದ್ದ.

"ಅಣ್ಣ ಹೇಳಿದ್ದು ಇರ್ಲಿ. ನಿಮಗೇನನ್ಸುತ್ತೆ, ಅದನ್ನ ಹೇಳಿ," ಎಂದಳು ಯಮುನಾ.

"ಹೊಳೇಲಿ ನೀರು ಬಂದ್ರೆ ನಾನು ದುಬಾರೆಗೆ ವಾಪಸ್ ಹೋಗ್ಬೇಕು. ನಮಗೆ ಅನ್ನ ಅದು. ಈ ಸಲ ನೀರು ತಡವಾಗಿ ಬರ್ಲಿ ಅಂತ ದಿನಾ ಬೇಡ್ಕೊಂಡೆ." ಅವನು ಬಟ್ಟೆಯನ್ನು ಮಡಿಸಿ ಕೆಳಗಿಟ್ಟ. "ರಾಫ್ಟ್ ಗೈಡ್ ಆದವನು ಹಂಗೆ ಬೇಡ್ಕೋಬಾರ್ದು. ನನಗನ್ಸಿದ್ದು ಅಷ್ಟು."

ಹೊರಗೆ ಮಡಿಕೇರಿ ಕಡೆಯ ಬಸ್ಸೊಂದು ಹಾರ್ನ್ ಹೊಡೆದುಕೊಂಡು ಹೋಯಿತು. ಯಮುನಾ ಬೆಂಚಿನ ಅಂಚನ್ನು ಹಿಡಿದಿದ್ದಳು. ಕಬ್ಬಿಣ ತಣ್ಣಗಿತ್ತು. ಆ ತಂಪಿನ ಸುದ್ದಿ ಅವಳಿಗೆ ನೇರವಾಗಿ ಬರುತ್ತಿತ್ತು.

"ಆದ್ರೂ ಹೋಗಿ," ಎಂದ ಆನಂದ್. "ನೀವಿಲ್ಲಿ ಕೂತ್ರೆ ನಾಳೆ ನಿಮ್ಮನ್ನ ಏನಂತಾರೆ ಅಂತ ನನಗೆ ಗೊತ್ತು. ನಮ್ಮವ್ವನ್ನ ಏನಂತಾರೆ ಅಂತಾನೂ ಗೊತ್ತು. ಅಲ್ಲಿ ಮಾನ ಇದೆ, ಮನೆ ಇದೆ, ಒಳ್ಳೆ ಹುಡುಗ ಇದ್ದಾನೆ. ಆಟೋ ಇನ್ನೂ ನಿಂತಿದೆ. ಎದ್ದು ಹೋಗ್ಬಿಡಿ ಯಮುನಾ. ನನಗೋಸ್ಕರ ಇದೊಂದು ಮಾಡಿ."

ಮೇಡಂ ಎನ್ನುವುದನ್ನು ಅವನು ಮರೆತಿದ್ದ. ಅವಳು ಅವನ ಮುಖವನ್ನೇ ನೋಡಿದಳು. ಮುಡಿಯ ಹೂವನ್ನು ಬಿಚ್ಚಿ ಪಕ್ಕದಲ್ಲಿಟ್ಟಳು.

"ಹೋಗಲ್ಲ," ಎಂದಳು.