ಹಿಂದಿನ ಸೀಟಿನ ಜಂಗು

ನಂಬೋದು ಬಿಡೋದು ನಿಮಗ ಬಿಟ್ಟಿದ್ದು. ಗೋಗಿ ಊರಿನ ಭೀಮರಾಯನ ಹಳೇ ಅಂಬಾಸಿಡರ್ ಅಗ್ಗಕ್ಕ ಖರೀದಿ ಮಾಡಿ, ಶಹಾಪುರದ ನಮ್ಮ ಅಂಗಳದಾಗ ರಿಪೇರಿಗಿ ಕುಂತೆ. ಹಿಂದಿನ ಸೀಟಿನ ಮುಂದ ತಳದ ತಗಡಿಗಿ ಜಂಗು ಹಿಡದು ತುಕ್ಕಾಗಿತ್ತು, ಎರಡು ಅಂಗಾಲಿನ ಆಕಾರದಾಗ. ಬ್ಯಾಸಗಿ ಬಿಸಲಿಗಿ ಬಾನೆಟ್ ಕೈ ಸುಡ್ತಿತ್ತು, ಆ ಜಾಗ ಮಾತ್ರ ಗಡಗಿ ನೀರಿನಂಗ ತಣ್ಣಗಿತ್ತು. ಕೊರದು ತಗದು ಹೊಸಾ ತಗಡು ವೆಲ್ಡಿಂಗ್ ಮಾಡ್ದೆ. ಮರುದಿನ ಅದರ ಮ್ಯಾಲೂ ಅವೇ ಅಂಗಾಲು. ಸಿಟ್ಟಿಗೆದ್ದು ಕೆರದು ಬಣ್ಣ ಬಳದೆ.

ಕೆಲಸ ಮುಗೀತಂತ ನನ್ನ ಹೆಂಡ್ತಿ ದಾನೇಶ್ವರಿ ಗಾಡಿಗಿ ಆರತಿ ಬೆಳಗಿ, ಗಾಲಿಗಿ ನೀರು ಹಾಕಿ, ರೂಢಿಯಂಗ "ಒಳಗ ಬರ್ರಿ" ಅಂದ್ಳು. ನಾ ಇನ್ನೂ ಗಾಡಿ ಕೆಳಗ ಮಲಗಿದ್ದೆ. ಹಿಂದಿನ ಬಾಗಲಾ ತೆರದ ಸಪ್ಪಳಾತು. ಯಾರೋ ಇಳದಂಗ ಗಾಡಿ ಹಗುರಾಗಿ ಮ್ಯಾಲೆದ್ದಿತು.

ಭೀಮರಾಯಗ ಫೋನ್ ಹಚ್ಚಿ ಬೈದೆ: "ನಿನ್ನ ಗಾಡಿ ನೀನ ಒಯ್ಯಿ, ಇಲ್ಲಂದ್ರ ಬೆಂಕಿ ಹಚ್ತೀನಿ!"

"ಹಿಂದ ಕುಂತವ್ರು ಇಳದ್ರೇನ್ರಿ? ಇಳದಿದ್ರ ಈಗ ಬರ್ತೀನ್ರಿ," ಅಂದ.

ಗಾಡಿ ಹೋಗ್ಯದ. ನಮ್ಮ ಅಡಗಿಮನಿ ಹಾಸುಗಲ್ಲಿಗಿ ಜಂಗು ಹಿಡದದ.