ಡ್ರೈವರ್‌ನ ಶುಗರ್ ಡೈರಿ

"ಈ ಡೈರಿ ಒಂದೇ ದಿನ ಕೂತು ಬರೆದಿದ್ದು ಅಲ್ವಾ? ನಿಜ ಹೇಳಿ!"

ಶುಗರ್ ಕ್ಲಿನಿಕ್ಕಿನ ನರ್ಸ್ ದನಿ ಏರಿಸಿದಳು. ಬೆಂಚಿನ ಮೇಲಿದ್ದ ಹನ್ನೆರಡು ಜನರೂ ತಿರುಗಿ ನೋಡಿದರು.

ಎದುರಿಗಿದ್ದವನು ಶಾಲಾ ಬಸ್ಸಿನ ಡ್ರೈವರ್. ದಿನಾ ಬೆರಳು ಚುಚ್ಚಿ ನೋಡಿ ಬರೆದಿದ್ದ ಅಂಕಿಗಳೆಲ್ಲ ಚೆನ್ನಾಗಿದ್ದವು. ಆದರೆ ಮೂರು ತಿಂಗಳ ಸರಾಸರಿ ಹೇಳುವ ರಕ್ತಪರೀಕ್ಷೆಯಲ್ಲಿ ಏಳರೊಳಗೆ ಇರಬೇಕಾದ ಅಂಕಿ ಎಂಟೂವರೆ ದಾಟಿತ್ತು.

"ನಾನ್ಯಾಕೆ ಸುಳ್ಳು ಬರೀಲಿ, ಮೇಡಂ?"

"ನಾನೂ ಅದನ್ನೇ ಕೇಳ್ತಿರೋದು!"

"ಒಪ್ಕೊಂಡ್ಬಿಡಪ್ಪ, ನಾನೂ ಹಾಗೇ ಬರೀತೀನಿ," ಎಂದಳು ಬೆಂಚಿನ ಮೇಲಿದ್ದ ಅಜ್ಜಿ. ಎಲ್ಲರೂ ನಕ್ಕರು. ಅವನು ನಗಲಿಲ್ಲ.

ನರ್ಸಿಗೆ ಬೇರೆ ಯಾರ ಮೇಲೂ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಮೂರು ತಿಂಗಳಿಗೊಮ್ಮೆ ಬರುವ ಇವನಿಗಾಗಿ ಅವಳು ಕಾಯುತ್ತಿದ್ದಳು. 'ಇವನೂ ಎಲ್ಲರ ಹಾಗೇನಾ...'

ಫೈಲಿನಲ್ಲಿ ಬರೆದಳು: ಡೈರಿ ನಂಬುವಂತಿಲ್ಲ. ಅದನ್ನೋದಿದ ಡಾಕ್ಟರು ಮಾತ್ರೆ ದುಪ್ಪಟ್ಟು ಮಾಡಿದರು.

ಒಂಬತ್ತನೇ ದಿನ ಶುಗರ್ ತೀರಾ ಇಳಿದು ಅವನು ಸ್ಟೀರಿಂಗ್ ಮೇಲೆ ಕುಸಿದ. ಪುಣ್ಯಕ್ಕೆ ಬಸ್ ನಿಂತಿತ್ತು, ಮಕ್ಕಳು ಇನ್ನೂ ಹತ್ತಿರಲಿಲ್ಲ. ಶಾಲೆಯವರು ಬಸ್ಸಿನ ಕೀ ಕಿತ್ತುಕೊಂಡರು.

ಆಸ್ಪತ್ರೆಯ ರಿಪೋರ್ಟ್ ಕ್ಲಿನಿಕ್ಕಿಗೆ ಬಂತು. ಅವನ ಮೈಯಲ್ಲಿ ರಕ್ತವೇ ಕಡಿಮೆ, ಕಬ್ಬಿಣದ ಅಂಶ ತಳ ಕಂಡಿತ್ತು. ಹಾಗಿದ್ದಾಗ ಆ ಮೂರು ತಿಂಗಳ ಅಂಕಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಅವಳು ಇದನ್ನು ಓದಿದ್ದಳು, ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದಳು!

'ಬಿಳುಚಿದ ಮುಖ ಕಣ್ಣೆದುರೇ ಇತ್ತು. ನೋಡಲಿಲ್ಲ... ಕೂಗಾಡಿದೆ.'

ಮರುದಿನ ಅವಳು ಶಾಲೆಯ ಬಸ್ ಶೆಡ್ಡಿಗೆ ಹೋದಳು. ಅವನು ಬಸ್ ತೊಳೆಯುತ್ತಿದ್ದ.

"ನಿಮ್ಮ ಡೈರಿ ಸರಿ ಇತ್ತು. ತಪ್ಪು ನಂದು."

ಅವನು ತಿರುಗಲಿಲ್ಲ. "ಬೈದಿದ್ದು ಹನ್ನೆರಡು ಜನರ ಮುಂದೆ. ಹೇಳೋದು ಯಾರೂ ಇಲ್ಲದ ಕಡೆ."

ಮಾತು ನಾಟಿತು. ನಾಟಬೇಕಾದ್ದೇ.

"ಹೆಡ್‌ಮಾಸ್ಟರ್ ರೂಮಿಂದಾನೇ ಬರ್ತಿದೀನಿ. ಸ್ಟಾಫ್ ಎಲ್ಲ ಇದ್ರು. ನನ್ನಿಂದಾನೇ ಹೀಗಾಯ್ತು ಅಂತ ಬರೆದು ಸಹಿ ಹಾಕ್ಕೊಟ್ಟೆ. ಡಾಕ್ಟರಿಗೂ ಹೇಳಿದೀನಿ. ಅವರ ಕಾಗದ ಬಂದ್ಮೇಲೆ ನಿಮಗೆ ಕೀ ವಾಪಸ್ ಕೊಡ್ತಾರಂತೆ. ನನ್ನ ಕೆಲಸ ಉಳಿಯುತ್ತೋ ಇಲ್ವೋ... ಗೊತ್ತಿಲ್ಲ."

ಅವನು ನಲ್ಲಿ ನಿಲ್ಲಿಸಿದ.

"ಅಷ್ಟು ರಕ್ತ ಎಲ್ಲಿ ಹೋಗ್ತಿತ್ತು?" ಅವಳು ಕೇಳಿದಳು. "ಮುಂಚೆನೇ ಹೇಳ್ಬಾರ್ದಿತ್ತಾ?"

ಅವನು ತಲೆ ತಗ್ಗಿಸಿದ. "ಮೂಲವ್ಯಾಧಿ. ದಿನವಿಡೀ ಸೀಟಲ್ಲಿ ಕೂತ್ರೆ ಇನ್ನೇನಾಗುತ್ತೆ?"

"ನರ್ಸಿಗೆ ಹೇಳೋಕೆ ನಾಚಿಕೆನಾ?"

"ಬೇರೆ ನರ್ಸ್ ಆಗಿದ್ರೆ ಹೇಳ್ತಿದ್ದೆ ರೀ... ನಿಮಗೆ ಹೇಗೆ ಹೇಳ್ಲಿ?"

ಅವಳಿಗೆ ಅರ್ಥವಾಯಿತು. ನಗು ಬಂತು, ಜೊತೆಗೇ ಅಳುವೂ! ಒದ್ದೆ ನೆಲದಲ್ಲೇ ನಿಂತು ಕಣ್ಣೊರೆಸಿಕೊಂಡಳು.

"ಬೇರೆ ಪೇಷಂಟ್ ಆಗಿದ್ರೆ ನಾನೂ ಅಷ್ಟು ಕೂಗ್ತಿರ್ಲಿಲ್ಲ," ಎಂದಳು. "ನೀವು ಸುಳ್ಳು ಹೇಳಿದ್ರಿ ಅನ್ನೋದನ್ನ ತಡ್ಕೊಳ್ಳೋಕೆ ಆಗ್ಲಿಲ್ಲ ನಂಗೆ."

ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ.

"ನನಗಿನ್ನೂ ಸಿಟ್ಟು ಇಳಿದಿಲ್ಲ."

"ಇಳಿಯೋದು ಬೇಡ."

"ನಾಳೆನೂ ಇರುತ್ತೆ."

"ನಾಳೆನೂ ಬರ್ತೀನಿ."