ನೂರ ಎಂಬತ್ತು ಗ್ರಾಂ

"ದೋನಾ ಜಂದೀರಾ... ನೂರ ಎಂಬತ್ತು ಗ್ರಾಂ!"

ಬೆಲ್ಮೀರೊ ಎಂದಿನಂತೆ ಮರ್ಯಾದೆಯ 'ದೋನಾ' ಸೇರಿಸಿ, ತಕ್ಕಡಿ ಮುಂದೆ ನಿಂತು ಕೂಗಿದ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಜಂದೀರಾಳ ಮುಖ ಕೆಂಪಾಯಿತು.

ಬೆಲೊ ಹೊರಿಜಾಂಟೆ ನಗರದ ತೂಕದ ಹೋಟೆಲುಗಳ ರೀತಿಯೇ ಅದು. ತಟ್ಟೆಗೆ ಬೇಕಾದ್ದು ನೀವೇ ಬಡಿಸಿಕೊಳ್ಳಿ, ತಕ್ಕಡಿಯವನು ತೂಕವನ್ನು ಗಲ್ಲಾಪೆಟ್ಟಿಗೆಯತ್ತ ಕೂಗುತ್ತಾನೆ, ತೂಕಕ್ಕೆ ತಕ್ಕ ದುಡ್ಡು. ಹದಿನೆಂಟು ವರ್ಷದಿಂದ ಕೂಗುತ್ತಿದ್ದವನಿಗೆ ಇವಳ ತಟ್ಟೆ ಏಳುನೂರು ಗ್ರಾಂ ಎಂದು ಕಣ್ಣುಮುಚ್ಚಿಯೂ ಗೊತ್ತಿತ್ತು. ಎರಡು ತಿಂಗಳಿಂದ ಇಳಿಯುತ್ತಾ ಇಳಿಯುತ್ತಾ ಈಗ ಇದೇನು!

"ಬೇರೆ ಹೋಟೆಲ್ ಹಿಡಿದ್ರಾ?" ನಗುತ್ತಲೇ ಕೇಳಿದ. ಎದೆಯೊಳಗೆ ಮಾತ್ರ ಏನೋ ಚುಚ್ಚಿತ್ತು.

"ನನ್ನ ಹೊಟ್ಟೆ, ನನ್ನಿಷ್ಟ!"

"ಕೋಪ ಯಾಕ್ರೀ? ತಗೊಳ್ಳಿ, ಇದು ನನ್ನ ಕಡೆಯಿಂದ." ಗರಿಗರಿಯಾಗಿ ಕರಿದ ಹಂದಿಮಾಂಸದ ಎರಡು ತುಂಡು ಅವಳ ತಟ್ಟೆಗೆ ಬಿದ್ದವು.

ಬೇಡ ಎಂದರೆ ಕಾರಣ ಹೇಳಬೇಕು. ಹೇಳುವುದಕ್ಕಿಂತ ತಿನ್ನುವುದೇ ವಾಸಿ ಎಂದುಕೊಂಡು ತಿಂದಳು.

ಊರಿನ ಅತಿ ಕಡಿದಾದ ದಾರಿಯಲ್ಲಿ ಬಸ್ಸು ಓಡಿಸುವವಳು ಜಂದೀರಾ. ಅಂದು ಅರ್ಧ ಏರಿನಲ್ಲೇ ಬಸ್ಸು ನಿಲ್ಲಿಸಿ, ಇಳಿದು, ನಲವತ್ತು ಪ್ರಯಾಣಿಕರ ಎದುರು ವಾಂತಿ ಮಾಡಿದಳು. ಹನ್ನೊಂದು ವರ್ಷ ಬಸ್ಸು ಓಡಿಸಿ ಗಳಿಸಿದ ಮಾನ ಒಂದೇ ಏಟಿಗೆ ಹೋದಂತಾಯಿತು!

ಮರುದಿನ ಬರಿಗೈಯಲ್ಲಿ ತಕ್ಕಡಿ ಮುಂದೆ ನಿಂತಳು.

"ಕೂಗ್ರೀ ಬೆಲ್ಮೀರೊ! ಜಂದೀರಾ ವಾರಕ್ಕೊಂದು ಇಂಜೆಕ್ಷನ್ ಚುಚ್ಕೋತಾಳೆ ಅಂತ ಕೂಗಿ! ಸಕ್ಕರೆ ಕಾಯಿಲೆ ಇಳೀದಿದ್ರೆ ಸ್ಟಿಯರಿಂಗ್ ಬಿಡ್ಬೇಕು ಅಂದ್ರು ಡಾಕ್ಟರು. ಆ ಇಂಜೆಕ್ಷನ್ ಶುರುವಾದ ಎರಡು ತಿಂಗಳಿಂದ ಎರಡು ತುತ್ತಿಗೇ ಹೊಟ್ಟೆ ತುಂಬುತ್ತೆ, ಕರಿದಿದ್ದು ತಿಂದ್ರೆ ತೊಳಸುತ್ತೆ. ಆದ್ರೂ ಒಂದು ದಿನ ರಜ ಹಾಕಿಲ್ಲ ನಾನು! ಇದರಲ್ಲಿ ನಾಚಿಕೆ ಪಡೋದೇನಿದೆ?"

ಅಷ್ಟು ದಿನ ಮುಚ್ಚಿಟ್ಟಿದ್ದನ್ನು ತಾನೇ ಕೂಗಿಬಿಟ್ಟಿದ್ದಳು! ಆಶ್ಚರ್ಯವೆಂದರೆ ಎದೆ ಹಗುರಾಗಿತ್ತು. ತಲೆಯೆತ್ತಿಕೊಂಡೇ ಹೊರಟಳು.

ಒಂದು ವಾರ ಆ ಕಡೆ ಸುಳಿಯಲಿಲ್ಲ.

ಎಂಟನೆಯ ದಿನ ಮಧ್ಯಾಹ್ನ ಬಸ್ ನಿಲ್ದಾಣಕ್ಕೆ ಬೆಲ್ಮೀರೊನೇ ಬಂದ, ಕೈಯಲ್ಲೊಂದು ಡಬ್ಬಿ, ಒಂದು ಬಾಟ್ಲಿ.

"ತಪ್ಪಾಯ್ತು, ದೋನಾ ಜಂದೀರಾ. ಹೆಲ್ತ್ ಸೆಂಟರ್ ನರ್ಸಮ್ಮನ್ನ ಕೇಳ್ಕೊಂಡು ಬಂದೆ. ಮೊದಲು ಕೋಳಿ, ಮೊಟ್ಟೆ ತಿನ್ನಿ. ಆಮೇಲೆ ಸಿಹಿಗುಂಬಳ. ಎಣ್ಣೆ ತೀರಾ ಕಮ್ಮಿ. ಬಾಟ್ಲಲ್ಲಿ ಶುಂಠಿ ನೀರಿದೆ, ಗುಟುಕು ಗುಟುಕಾಗಿ ಕುಡೀರಿ. ಮತ್ತೆ... ತೂಕ ಕೂಗೋದು ಬಿಟ್ಬಿಟ್ಟೆ. ಯಾರದ್ದೂ ಕೂಗಲ್ಲ, ಚೀಟೀಲಿ ಬರೆದು ಕೊಡ್ತೀನಿ."

ಅವಳು ಡಬ್ಬಿ ತೆಗೆದುಕೊಂಡಳು. 'ಇವನು ಅಣಕಿಸಿದ ಅಂದ್ಕೊಂಡೆನಲ್ಲಾ...'

"ನಿಧಾನಕ್ಕೆ ತಿನ್ಬೇಕು ನಾನು. ಅರ್ಧ ಗಂಟೆ ಆಗುತ್ತೆ," ಎಂದಳು ಬಿಗುಮಾನದಿಂದ.

"ಆಗ್ಲಿ ಬಿಡಿ."

ಅವನು ಬಸ್ಸಿನ ಮೆಟ್ಟಿಲ ಮೇಲೆ ಕುಳಿತೇಬಿಟ್ಟ. ಅಂದಿನಿಂದ ಅದೇ ರೂಢಿಯಾಯಿತು. ವಾಕರಿಕೆ ಬಂದ ದಿನ ಬರೀ ಕಾಳಿನ ತಿಳಿಸಾರು ತರುತ್ತಿದ್ದ, ಒತ್ತಾಯ ಮಾಡುತ್ತಿರಲಿಲ್ಲ.

ಮೂರು ತಿಂಗಳು ಕಳೆದವು. ಒಂದು ಮಧ್ಯಾಹ್ನ ಅವಳು ರಕ್ತಪರೀಕ್ಷೆಯ ಕಾಗದ ಬೀಸುತ್ತಾ ನಿಲ್ದಾಣಕ್ಕೆ ಓಡಿ ಬಂದಳು.

"ಸಕ್ಕರೆ ಇಳೀತು! ಬಸ್ಸು ನಂದೇ!"

ಬೆಲ್ಮೀರೊ ಥಟ್ಟನೆ ಎದ್ದು ನಿಂತ. ಮೂರು ತಿಂಗಳಿಂದ ಅದುಮಿಟ್ಟಿದ್ದ ಕಂಠ ಇಡೀ ನಿಲ್ದಾಣಕ್ಕೆ ಕೇಳುವಂತೆ ಮೊಳಗಿತು.

"ಕೇಳ್ರಪ್ಪೋ! ನಮ್ಮ ಜಂದೀರಾ ಗೆದ್ಲು!"

ಡ್ರೈವರುಗಳೆಲ್ಲ ಹಾರ್ನ್ ಬಾರಿಸಿದರು. ಜಂದೀರಾ ಹೆಮ್ಮೆಯಿಂದ ಬೀಗಿದಳು, ಅಳುತ್ತಳುತ್ತಲೇ.

"ನಮ್ಮ ಜಂದೀರಾನಾ? ಯಾವಾಗಿಂದ?"

ಅವನ ದನಿ ತಗ್ಗಿತು. "ನಿಮ್ಮ ತಟ್ಟೆ ಏಳುನೂರು ಗ್ರಾಂ ಇದ್ದಾಗಿಂದ..."

"ಹಾಗಾದ್ರೆ ಕೂತ್ಕೊಳ್ಳಿ. ನನ್ನ ಊಟ ಇನ್ನೂ ಶುರುವಾಗಿಲ್ಲ."

"ಹದಿನೆಂಟು ವರ್ಷ ತಕ್ಕಡಿ ಮುಂದೆ ನಿಂತೇ ಇದ್ದೆ, ಜಂದೀರಾ. ಇನ್ನು ನಿನ್ನ ಪಕ್ಕ ಕೂತೇ ಇರ್ತೀನಿ. ನಿಧಾನಕ್ಕೆ ತಿನ್ನು."